ಬಿಟ್ಟುಹೋದ ತಿರುವು

ನವೆಂಬರ್ 14

ಮಿಡತೆ,

ಈ ವಾರ ಏಳು ಸಲ ಫೋನ್ ಮಾಡಿದೆ. ಏಳನೆಯ ಸಲ ಚಿಕ್ಕಮ್ಮ ಎತ್ತಿ, "ಅವಳು ಮಲಗಿದಾಳೆ ಕಣೇ" ಎಂದಳು. ಹಿಂದೆ ನೀನು ಕೆಮ್ಮಿದ್ದು ಕೇಳಿಸಿತು. ಇರಲಿ. ಮಾತಾಡಲು ಮನಸ್ಸಿಲ್ಲದಿದ್ದರೂ ಓದಲು ಮನಸ್ಸು ಬಂದೀತೆಂದು ಕಾಗದ ಹಿಡಿದು ಕೂತಿದ್ದೇನೆ.

ಹೊಸ ತಂಡದವರು ಕೊಟ್ಟಿರುವ ಕೋಣೆ ಒಂದು ಲಾಂಡ್ರಿಯ ಮೇಲಿದೆ. ಕೆಳಗೆ ಯಂತ್ರಗಳು ತಿರುಗುವಾಗ ನನ್ನ ಮಂಚವೂ ಸಣ್ಣಗೆ ನಡುಗುತ್ತದೆ. ಮಂಚಕ್ಕೂ ಗೋಡೆಗೂ ನಡುವೆ ಸೈಕಲ್ಲು ನಿಲ್ಲಿಸಿದರೆ ನಾನು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕು. ಲಾಂಡ್ರಿಯ ಹೆಂಗಸು ಮೊನ್ನೆ ನನ್ನ ಕೆಸರು ಪ್ಯಾಂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಏನ್ ಕೆಲ್ಸ ಮಾಡ್ತೀಯಮ್ಮಾ ನೀನು?" ಎಂದಳು. ಬೆಟ್ಟದ ಮೇಲಿನಿಂದ ಕೆಳಕ್ಕೆ ಸೈಕಲ್ ರೇಸು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ದಿನಕ್ಕೆ ನಾಲ್ಕು ಇಳಿಜಾರು, ಹತ್ತುವಾಗ ಗಡಿಯಾರ ಇರುವುದಿಲ್ಲ, ಇಳಿಯುವಾಗ ಮಾತ್ರ ಇರುತ್ತದೆ, ಒಬ್ಬಳು ಹೊರಟು ಅರ್ಧ ನಿಮಿಷವಾದ ಮೇಲೆ ಇನ್ನೊಬ್ಬಳನ್ನು ಬಿಡುತ್ತಾರೆ, ನಾಲ್ಕರದ್ದೂ ಕೂಡಿಸಿ ಯಾರ ಸಮಯ ಕಡಿಮೆಯೋ ಅವಳು ಗೆದ್ದಂತೆ ಎಂದು ಬಿಡಿಸಿ ಹೇಳಿದೆ. ಎಲ್ಲ ಕೇಳಿ, "ಕೆಳಗಡೆ ಹೋಗೋಕೆ ಅಷ್ಟೊಂದು ಅವಸರ ಯಾಕೆ?" ಎಂದಳು. ನೀನಿದ್ದಿದ್ದರೆ ಪಟ್ಟನೆ ಏನಾದರೂ ಅಂದಿರುತ್ತಿದ್ದೆ. ನಾನು ನಕ್ಕು ಮೆಟ್ಟಿಲು ಹತ್ತಿ ಬಂದೆ.

ತಂಡದಲ್ಲಿ ಐದು ಜನ. ವ್ಯಾನಿನಲ್ಲಿ ಐವರ ಕಿವಿಯಲ್ಲೂ ಇಯರ್‌ಫೋನ್. ನಾಲ್ಕು ಗಂಟೆ ದಾರಿಯಲ್ಲಿ ಕೇಳಿದ್ದು ಒಂದೇ ಮಾತು, "ಕಿಟಕಿ ಮುಚ್ತೀಯಾ?"

ಸೆಪ್ಟೆಂಬರಿನ ಆ ಗೆಲುವು ನೋಡಿಯೇ ಇವರು ನನ್ನನ್ನು ತೆಗೆದುಕೊಂಡದ್ದು. ನೀನು ಬಿದ್ದ ದಿನವೇ ನಾನು ಗೆದ್ದೆ. ಈ ಒಂದು ಸಾಲು ಬರೆಯಲು ನನಗೆ ಎರಡು ತಿಂಗಳು ಹಿಡಿಯಿತು. ನೀನು ಬಿದ್ದದ್ದು ನನ್ನ ಕಣ್ಣಿಗೆ ಕಂಡಿದ್ದರೆ ನಿಲ್ಲದೆ ಇರುತ್ತಿದ್ದೆನೇ? ಆಸ್ಪತ್ರೆಯಲ್ಲೇ ಹೇಳಿದ್ದೇನಲ್ಲ.

ಕೈ ಹೇಗಿದೆ? ಬೆರಳುಗಳು ಏನಾದರೂ ಅಲುಗುತ್ತಿವೆಯೇ?

ನಿನ್ನ
ಅಕ್ಕ


ಡಿಸೆಂಬರ್ 9

ಅಕ್ಕಾ,

ಇದು ಎಡಗೈ ಬರಹ. ದಿನಕ್ಕೊಂದು ಪುಟ ಬರೆಯಲೇಬೇಕೆಂದು ಫಿಸಿಯೋಥೆರಪಿಯವರ ಆಜ್ಞೆ. ಮೂರು ವಾರ ಅ ಆ ಇ ಈ ತಿದ್ದಿದೆ. ಈಗ ಪತ್ರಕ್ಕೆ ಬಡ್ತಿ ಸಿಕ್ಕಿದೆ. ಒತ್ತಕ್ಷರಗಳು ಮಾತ್ರ ನನ್ನ ಮಾತು ಕೇಳುವುದಿಲ್ಲ, ಜಾರಿ ಕೆಳಗಿನ ಸಾಲಿಗೆ ಬೀಳುತ್ತವೆ. ಅವಕ್ಕೂ ಇಳಿಜಾರಿನ ಹುಚ್ಚು ಹಿಡಿದಿರಬೇಕು.

ಬೆರಳುಗಳು ಅಲುಗುವುದಿಲ್ಲ. ಇನ್ನು ಮುಂದೆ ಅಲುಗುವುದೂ ಇಲ್ಲ. ಭುಜದ ಹತ್ತಿರ ನರಗಳು ಬೇರುಸಹಿತ ಕಿತ್ತುಬಂದಿವೆಯಂತೆ. ಡಾಕ್ಟರು ಮೊದಲು ಪ್ರತಿ ಸಲವೂ "ನೋಡೋಣ" ಎನ್ನುತ್ತಿದ್ದರು. ಈ ಸಲ ಆ ಮಾತು ಬಿಟ್ಟು ಹವಾಮಾನದ ಬಗ್ಗೆ ಮಾತಾಡಿದರು. ಆಗ ಗೊತ್ತಾಯಿತು.

ಅಮ್ಮ ನನ್ನ ಅಂಗಿಗಳ ಗುಂಡಿಗಳನ್ನೆಲ್ಲ ಕಿತ್ತು, ಒತ್ತಿದರೆ ಕೂಡುವಂಥವನ್ನು ಹೊಲಿದಿದ್ದಾಳೆ. ನನ್ನನ್ನು ಕೇಳಲಿಲ್ಲ. ಬೆಳಿಗ್ಗೆ ಕಪಾಟು ತೆಗೆದರೆ ಹನ್ನೊಂದು ಅಂಗಿ, ಒಂದರಲ್ಲೂ ಗುಂಡಿ ಇಲ್ಲ. ಒಂದು ಗಂಟೆ ಬಾಗಿಲು ಹಾಕಿಕೊಂಡು ಕೂತಿದ್ದೆ. ಆಮೇಲೆ ಒಂದು ಹಾಕಿಕೊಂಡು ಹೊರಗೆ ಬಂದೆ.

ನಿನ್ನಿಂದ ಒಂದು ಬೇಕು. ಪ್ರತಿ ರೇಸಾದ ಮೇಲೂ ನಮ್ಮ ಹಳೆಯ ವ್ಯಾನಿನ ಹಿಂಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತು, ಒಬ್ಬರಿಗೊಬ್ಬರು ತಿರುವು ತಿರುವಾಗಿ ಹೇಳಿಕೊಳ್ಳುತ್ತಿದ್ದೆವಲ್ಲ? ಎಲ್ಲಿ ಬ್ರೇಕ್ ಹಿಡಿದೆ, ಎಲ್ಲಿ ಬಿಟ್ಟೆ, ಎಲ್ಲಿ ಜೀವ ಬಾಯಿಗೆ ಬಂತು. ಆ ದಿನದ್ದು ನೀನು ಹೇಳಲೇ ಇಲ್ಲ. ನಾಲ್ಕನೇ ಇಳಿಜಾರಿನದ್ದು ಬರೆ. ಮೇಲಿನಿಂದ ಕೆಳಗಿನವರೆಗೆ, ಒಂದೂ ಬಿಡದೆ.

ಪುಟ ಮುಗಿಯಿತು. ಇವತ್ತಿನ ಲೆಕ್ಕ ಚುಕ್ತಾ.

ಮಿಡತೆ


ಜನವರಿ 2

ಮಿಡತೆ,

ನಿನ್ನ ಅಕ್ಷರ ನೋಡಿ ನಕ್ಕೆ. ಆಮೇಲೆ ನಗು ನಿಂತಿತು. ಕೈಯ ವಿಷಯ ಓದಿ ಕೋಣೆಯಲ್ಲಿ ಕೂರಲಾಗದೆ ಲಾಂಡ್ರಿಗೆ ಇಳಿದು, ಒಗೆದ ಬಟ್ಟೆಯನ್ನೇ ಇನ್ನೊಂದು ಸಲ ಯಂತ್ರಕ್ಕೆ ಹಾಕಿ ಅದರ ಮುಂದೆ ಕೂತಿದ್ದೆ.

ಕೇಳಿದೆಯಲ್ಲ, ಬರೆಯುತ್ತೇನೆ. ನಾಲ್ಕನೇ ಇಳಿಜಾರು. ನೀನು ಹೊರಟೆ. ಅಧಿಕಾರಿ ನನ್ನ ಭುಜದ ಮೇಲೆ ಕೈಯಿಟ್ಟು ಎಣಿಸಿದ. ಮಣ್ಣು ಒದ್ದೆ ಇತ್ತು, ಆದರೆ ಕೆಸರಲ್ಲ. ಮೊದಲ ತಿರುವಿನಲ್ಲಿ ಬೇರುಗಳು ಹಾವಿನ ಗೂಡಿನಂತಿದ್ದವು. ಬ್ರೇಕ್ ಮುಟ್ಟದೆ ಎಡಕ್ಕೆ ವಾಲಿ ದಾಟಿದೆ. ಎರಡನೆಯದು ಎರಡು ಮರಗಳ ಸಂದಿ, ಹ್ಯಾಂಡಲ್ಲಿನ ಅಗಲಕ್ಕಿಂತ ನಾಲ್ಕು ಬೆರಳು ಹೆಚ್ಚು. ನೀನು ಕಲಿಸಿದ ಹಾಗೆ ಮರವನ್ನು ನೋಡದೆ ಅದರಾಚೆಯ ದಾರಿಯನ್ನು ನೋಡಿದೆ. ಸಂದಿ ಸಿಕ್ಕಿತು. ಅಲ್ಲಿಂದ ಒಂದೇ ಉಸಿರಿಗೆ ಕೆಳಗಿನ ಕೊರಕಲು. ಅಲ್ಲಿ ಮುಂದಿನ ಚಕ್ರ ಒಮ್ಮೆ ಜಾರಿತು, ಕಾಲು ಊರಿ ಉಳಿದುಕೊಂಡೆ. ಕೊನೆಯ ತಿರುವು ಸಡಿಲ ಮಣ್ಣು, ಅದರಾಚೆ ಹುಲ್ಲು, ಜನ, ಗುರಿ. ಅಷ್ಟೇ.

ಹೋದ ವಾರ ಅಭ್ಯಾಸದಲ್ಲಿ ಎಲ್ಲರಿಗಿಂತ ಹಿಂದೆ ಬಂದೆ. ಮೊಣಕೈ ನೋವು ಎಂದು ತರಬೇತುದಾರನಿಗೆ ಹೇಳಿದ್ದೇನೆ.

ನಿನ್ನ
ಅಕ್ಕ


ಜನವರಿ 28

ಅಕ್ಕಾ,

ಓದಿದೆ. ಮೂರು ತಿರುವು ಬರೆದಿದ್ದೀಯ. ನಾಲ್ಕಿದ್ದವು.

ಮಿಡತೆ


ಫೆಬ್ರವರಿ 20

ಪ್ರೀತಿಯ ಮಗಳಿಗೆ,

ಚಿಕ್ಕಮ್ಮ ಕಾಗದ ಬರೆಯುತ್ತಾಳೆಂದರೆ ಏನೋ ಆಗಿದೆ ಎಂದು ಗಾಬರಿ ಬೀಳಬೇಡ. ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಮಾತಾಡಿದರೆ ಅವಳಿಗೆ ಕೇಳಿಸುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನ ತಂಗಿ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅಂಗಡಿಯವಳಿಗೆ ಕೊಟ್ಟ ಹಾಗೆ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವಳ ಸೈಕಲ್ಲು ಹಾಗೇ ಇದೆ. ಯಾರಿಗಾದರೂ ಕೊಡೋಣವೇ ಎಂದು ಬಾಯಿ ತಪ್ಪಿ ಕೇಳಿಬಿಟ್ಟೆ. "ನನ್ನ ಕೈಯನ್ನೂ ಕೊಟ್ಬಿಡಮ್ಮಾ, ಹೇಗೂ ಕೆಲ್ಸಕ್ಕಿಲ್ಲ" ಎಂದಳು. ಹೊಲಿಯುತ್ತಿದ್ದ ಪರದೆಯ ಅಂಚು ಸೊಟ್ಟ ಹೋಯಿತು, ಮತ್ತೆ ಬಿಚ್ಚಿ ಹೊಲಿದೆ.

ನಿನಗೊಂದು ಮಾತು ಹೇಳಬೇಕೆಂದು ಬಹಳ ದಿನದಿಂದ ಇತ್ತು. ಒಂಬತ್ತು ವರ್ಷದವಳು ನೀನು ಈ ಮನೆಗೆ ಬಂದಾಗ ಭಾವನವರ ಮಗಳನ್ನು ಹೇಗೆ ಸಾಕುತ್ತೇನೋ ಎಂದು ಹೆದರಿದ್ದೆ. ಇವಳಿಗೆ ಆಗ ನಾಲ್ಕು ವರ್ಷ. ಬಂದ ದಿನವೇ ನಿನ್ನ ಲಂಗದ ಅಂಚು ಹಿಡಿದಳು, ಇನ್ನೂ ಬಿಟ್ಟಿಲ್ಲ. ಬೆಟ್ಟ, ಬಂಡೆ ಎಂದು ಹೊರಟಾಗಲೂ ನೀನು ಜೊತೆಗಿದ್ದೀಯ ಎಂಬ ಒಂದೇ ಧೈರ್ಯದ ಮೇಲೆ ಕಳಿಸಿದೆ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ನೀನು ಕುರ್ಚಿಯಲ್ಲೇ ಕೂತು ಅವಳನ್ನು ನೋಡಿಕೊಂಡೆ. ಹೆತ್ತವಳು ನಾನು, ಮನೆಗೆ ಬಂದು ಕಾಲು ಚಾಚಿ ಮಲಗುತ್ತಿದ್ದೆ. ಅದು ನನಗೆ ಮರೆಯುವುದಿಲ್ಲ.

ಬಿಡುವಾದಾಗ ಬಾ. ನಿನ್ನ ಮುಂದೆ ಅವಳು ಬಾಯಿ ಬಿಟ್ಟಾಳು.

ಚಿಕ್ಕಮ್ಮ


ಮಾರ್ಚ್ 17

ಮಿಡತೆ,

ಚಿಕ್ಕಮ್ಮನ ಕಾಗದ ಬಂದು ಮೂರು ವಾರವಾಯಿತು. ಅದನ್ನು ಹೆಲ್ಮೆಟ್ಟಿನೊಳಗೆ ಇಟ್ಟಿದ್ದೆ. ಪ್ರತಿ ದಿನ ಹೆಲ್ಮೆಟ್ಟು ಹಾಕಿಕೊಳ್ಳಲು ಅದನ್ನು ತೆಗೆದು ಬದಿಗಿಡಬೇಕು.

ನಿನ್ನೆ ವರ್ಷದ ಮೊದಲ ರೇಸು. ಮೊದಲ ಇಳಿಜಾರಿನಲ್ಲೇ ನಿಂತೆ. ಬೀಳಲಿಲ್ಲ, ಸೈಕಲ್ಲೂ ಕೆಡಲಿಲ್ಲ. ಪ್ರತಿ ತಿರುವಿನಲ್ಲಿ ನನ್ನ ಕಣ್ಣು ದಾರಿ ಬಿಟ್ಟು ಪಕ್ಕದ ಪೊದೆಗೆ ಹೋಗುತ್ತದೆ. ಕಣ್ಣು ಹೋದ ಕಡೆಗೆ ಸೈಕಲ್ಲು ಹೋಗುತ್ತದೆಂದು ನಿನಗೆ ಗೊತ್ತಲ್ಲ. ದಾರಿಯ ಅಂಚಿಗೆ ಕಟ್ಟಿದ ಪಟ್ಟಿಯ ಪಕ್ಕಕ್ಕೆ ಬಂದು ನಿಂತೆ. ಹಿಂದಿನಿಂದ ಬಂದವಳು, "ಏನಾಯ್ತು? ಪೆಟ್ಟಾಯ್ತಾ?" ಎಂದು ಕೂಗಿ ಬ್ರೇಕ್ ಹಾಕಿದಳು. ಅವಳ ಹೆಸರೂ ನನಗೆ ಸರಿಯಾಗಿ ಗೊತ್ತಿಲ್ಲ. ಅವಳು ನನಗಾಗಿ ನಿಂತಳು. ಏನಿಲ್ಲ ಎಂದು ಕೈ ಬೀಸಿದೆ. ಅವಳು ಹೋದ ಮೇಲೆ ಕಲ್ಲಿನ ಮೇಲೆ ಕೂತೆ, ಏಳಲಾಗಲಿಲ್ಲ.

ಬಿಟ್ಟ ತಿರುವನ್ನು ಈಗ ಬರೆಯುತ್ತೇನೆ.

ಮೂರನೆಯದು, ಬಂಡೆ ತಿರುವು. ಬಂಡೆಯಿಂದ ಇಳಿಯುವಾಗ ಬಲಕ್ಕೆ, ಪಟ್ಟಿಯ ಕೆಳಗೆ, ಪೊದೆಯಲ್ಲಿ ಒಂದು ಚಕ್ರ ಕಂಡಿತು. ತಿರುಗುತ್ತಿತ್ತು. ಗಾಳಿ ತುಂಬುವ ವಾಲ್ವಿನ ಹಳದಿ ಮುಚ್ಚಳ ಕಂಡಿತು, ನಿನ್ನದೇ. ನಿನ್ನ ಬೂಟು ಕಂಡಿತು. ಬ್ರೇಕ್ ಹಿಡಿದೆ. ಹಿಡಿದೆ ಎಂದು ದೇವರಾಣೆಗೂ ಹೇಳುತ್ತೇನೆ. ಆಮೇಲೆ ಬಿಟ್ಟೆ. ಇವಳು ಏಳುತ್ತಾಳೆ, ನೂರು ಸಲ ಬಿದ್ದು ಎದ್ದಿದ್ದಾಳೆ ಎಂದು ಅಂದುಕೊಂಡೆ. ಮೂರು ಇಳಿಜಾರಾದ ಮೇಲೆ ನಾನು ಮೊದಲನೆಯವಳಿದ್ದೆ, ಎರಡನೆಯವಳಿಗಿಂತ ಬರೀ ಎರಡು ಸೆಕೆಂಡು ಮುಂದೆ. ಅದೂ ತಲೆಯಲ್ಲಿತ್ತು. ಅದೇ ಮೊದಲು ಬಂತೋ ನೀನು ಏಳುತ್ತೀಯ ಎಂಬುದು ಮೊದಲು ಬಂತೋ, ಆರು ತಿಂಗಳಿಂದ ಕೇಳಿಕೊಳ್ಳುತ್ತಿದ್ದೇನೆ, ಗೊತ್ತಾಗುತ್ತಿಲ್ಲ.

ಇದಕ್ಕಿಂತ ಕೆಟ್ಟದ್ದು ಕೆಳಗೆ ಆಯಿತು. ಗುರಿಯಲ್ಲಿ ನೀನಿರಲಿಲ್ಲ. ಹತ್ತು ನಿಮಿಷ ಕಾದೆ. ಆಮೇಲೆ ರೇಸಿನ ಅಧಿಕಾರಿಗಳ ಹತ್ತಿರ ಹೋಗಿ, "ನನ್ ತಂಗಿ ಇನ್ನೂ ಬಂದಿಲ್ಲ" ಎಂದೆ. ಎಲ್ಲಿ ಎಂದು ಹೇಳಲಿಲ್ಲ. ಹೇಳಿದರೆ, ನೋಡಿಯೂ ಬಂದೆಯಾ ಎಂದು ಕೇಳುತ್ತಾರಲ್ಲ. ಅವರು ಮೇಲಿನಿಂದ ಒಂದೊಂದೇ ಪೊದೆ ಹುಡುಕುತ್ತ ಇಳಿದರು. ಬಂಡೆ ತಿರುವಿನಲ್ಲಿ ಎಂಬ ಎರಡು ಪದ ನನ್ನ ಬಾಯಲ್ಲಿದ್ದವು.

ಹನ್ನೊಂದು ದಿನ ಕುರ್ಚಿಯಲ್ಲಿ ಕೂತದ್ದು ಅದಕ್ಕೇ.

ಅಕ್ಕ ಎಂದು ಬರೆಯಲು ಕೈ ಬರುತ್ತಿಲ್ಲ.


ಜೂನ್ 3

ಅಕ್ಕಾ,

ಎರಡೂವರೆ ತಿಂಗಳು ಬರೆಯಲಿಲ್ಲ. ಪ್ರತಿ ದಿನದ ಪುಟ ಬರೆದು ಹರಿದೆ. ಈಗ ನನ್ನ ಎಡಗೈ ಬರಹ ನನ್ನ ಹಳೆಯ ಬಲಗೈ ಬರಹಕ್ಕಿಂತ ಚೆನ್ನಾಗಿದೆ ಎಂದು ಫಿಸಿಯೋಥೆರಪಿಯವರು ಹೇಳುತ್ತಾರೆ. ನೋಡು.

ನನಗೆ ಗೊತ್ತಿತ್ತು.

ಪೆಡಲು ನಿಲ್ಲಿಸಿದಾಗ ನಿನ್ನ ಹಿಂದಿನ ಚಕ್ರ ಮಾಡುವ ಕಿರ್ರ್ ಸದ್ದು ಯಾರ ಸೈಕಲ್ಲಿಗೂ ಇಲ್ಲ. ಆ ಚಕ್ರದ ನಡುವಿನ ಹಬ್ಬು ಬಿಚ್ಚಿ ಗ್ರೀಸು ಹಾಕಿದವಳು ನಾನು, ಜಾಸ್ತಿ ಹಾಕಬೇಡ, ಸದ್ದು ಚೆನ್ನಾಗಿದೆ ಎಂದವಳು ನೀನು. ಪೊದೆಯಲ್ಲಿ ಬೆನ್ನಿನ ಮೇಲೆ ಬಿದ್ದಿದ್ದೆ. ಸದ್ದು ಬಂತು. ಬ್ರೇಕ್ ಕಿರುಚಿತು. ಅಬ್ಬಾ, ಬಂದಳು ಎಂದುಕೊಂಡೆ. ಆಮೇಲೆ ಬ್ರೇಕ್ ಸುಮ್ಮನಾಯಿತು, ಚಕ್ರ ಹೊರಟುಹೋಯಿತು.

ಡಾಕ್ಟರನ್ನು ಕೇಳಿದೆ. ತಕ್ಷಣ ಸಿಕ್ಕಿದ್ದರೂ ಕೈ ಉಳಿಯುತ್ತಿರಲಿಲ್ಲವಂತೆ. ಬಿದ್ದ ಕ್ಷಣದಲ್ಲೇ ಅದು ಹೋಗಿತ್ತು. ಹಾಗಾಗಿ ಕೈಯ ಪಾಪ ನಿನ್ನ ತಲೆಗೆ ಕಟ್ಟುವುದಿಲ್ಲ. ಆದರೆ ನಲವತ್ತು ನಿಮಿಷ ನಾನು ಅಲ್ಲಿ ಒಬ್ಬಳೇ ಇದ್ದೆ ಅಕ್ಕಾ. ನನ್ನ ತಲೆಯ ಮೇಲಿನ ದಾರಿಯಲ್ಲಿ ಇನ್ನೂ ಎಂಟು ಸೈಕಲ್ಲು ಹೋದವು. ಬಲಗೈ ನನ್ನ ಎದೆಯ ಮೇಲೆ ಬಿದ್ದಿತ್ತು. ಬೇರೆ ಯಾರದೋ ಕೈ ಎಂದುಕೊಂಡು ಅದನ್ನು ತಳ್ಳುತ್ತಿದ್ದೆ.

ಇದಕ್ಕಿಂತಲೂ ಸಹಿಸಲಾಗದ್ದು ಆಸ್ಪತ್ರೆಯ ಆ ಕುರ್ಚಿ. ಹನ್ನೊಂದು ದಿನ ನನ್ನ ಹಣೆ ಸವರಿ "ಕಾಣಲೇ ಇಲ್ಲ ಕಣೇ" ಎಂದೆ. ನಾನು ಪ್ರತಿ ಸಲವೂ ಹೂಂ ಎಂದೆ. ಇವತ್ತು ಹೇಳುತ್ತಾಳೆ, ನಾಳೆ ಹೇಳುತ್ತಾಳೆ ಎಂದು ಕಾದೆ.

ಈಗ ನನ್ನ ಪಾಲಿನದು. ನಾನು ಕೂಗಲಿಲ್ಲ. ನಿನ್ನ ಬ್ರೇಕು ಕೇಳಿದಾಗ ಎದೆಯಲ್ಲಿ ಉಸಿರಿತ್ತು, ಕೂಗಬಹುದಿತ್ತು. ಇವಳು ಮೊದಲನೆಯವಳಿದ್ದಾಳೆ, ಹೋಗಲಿ ಎಂದು ಒಂದು ಗಳಿಗೆ ಅನ್ನಿಸಿತು. ಎರಡು ಸೆಕೆಂಡು ಅಷ್ಟೇ. ಆಮೇಲೆ ಹೆದರಿಕೆಯಾಯಿತು, ಕೂಗಿದೆ. ಅಷ್ಟರಲ್ಲಿ ನೀನು ಕೊರಕಲಿನಲ್ಲಿದ್ದೆ. ಮುಂದಿನ ಸೈಕಲ್ಲುಗಳು ಬರುವ ಹೊತ್ತಿಗೆ ನನ್ನ ಗಂಟಲಲ್ಲಿ ದನಿಯೇ ಇರಲಿಲ್ಲ.

ಕ್ಷಮಿಸಿದೆ ಎಂದು ಬರೆಯಲು ನೋಡಿದೆ. ಬರಲಿಲ್ಲ. ಸುಳ್ಳು ಬರೆಯಬಾರದೆಂದು ಬಿಟ್ಟಿದ್ದೇನೆ.

ಅಮ್ಮನಿಗೆ ನೀನೇ ಬಂದು ಹೇಳಬೇಕು. ಕಾಗದದಲ್ಲಿ ಬೇಡ. ಜುಲೈ ತಿಂಗಳಿಡೀ ನಾನು ತರಬೇತಿ ಕೇಂದ್ರದಲ್ಲಿರುತ್ತೇನೆ, ಒಂದೇ ಕೈಯಲ್ಲಿ ಸೈಕಲ್ ರಿಪೇರಿ ಮಾಡುವುದನ್ನು ಕಲಿಯಲು. ಆಗ ಹೋಗು. ನಾನು ಎದುರಿಗಿದ್ದರೆ ಅಮ್ಮ ನನ್ನ ಮುಖ ನೋಡುತ್ತಾಳೆ, ನಿನ್ನದಲ್ಲ. ನಿನ್ನದನ್ನು ಹೇಳು. ನಾನು ಕೂಗಲಿಲ್ಲ ಎಂಬುದನ್ನು ಮಾತ್ರ ಹೇಳಬೇಡ. ಅದನ್ನು ತಿಳಿದರೆ ಅವಳು ತಡೆದುಕೊಳ್ಳುವುದಿಲ್ಲ.

ಮಿಡತೆ


ಜುಲೈ 16

ಮಿಡತೆ,

ಹೋಗಿ ಬಂದೆ.

ಅದಕ್ಕೆ ಮೊದಲು ಒಂದು ಮಾತು. ರೇಸು ನಡೆಸಿದವರಿಗೆ ಎಲ್ಲವನ್ನೂ ಬರೆದು, ಪದಕವನ್ನೂ ಡಬ್ಬಿಯಲ್ಲಿಟ್ಟು ಕಳಿಸಿದ್ದೆ. ನನ್ನ ಹೆಸರು ತೆಗೆದು ಎರಡನೆಯವಳದನ್ನು ಹಾಕಿ ಎಂದು ಕೇಳಿಕೊಂಡಿದ್ದೆ. ಎರಡು ಸಾಲಿನ ಉತ್ತರ ಬಂತು. ಆಕ್ಷೇಪಣೆಗಳನ್ನು ಫಲಿತಾಂಶ ಪ್ರಕಟಿಸಿದ ಅರ್ಧ ಗಂಟೆಯೊಳಗೆ ಸಲ್ಲಿಸಬೇಕಂತೆ. ಪದಕವೂ ವಾಪಸು ಬಂತು, ಅದೇ ಡಬ್ಬಿಯಲ್ಲಿ. ಎರಡನೆಯವಳಿಗೆ ನಾನೇ ಕಾಗದ ಬರೆದೆ, ಪದಕವನ್ನೂ ಕಳಿಸಿದೆ. ಅವಳಿಂದ ಏನೂ ಬಂದಿಲ್ಲ. ತಂಡ ಬಿಟ್ಟಿದ್ದೇನೆ. ಈಗ ಇನ್ನೊಂದು ಬೆಟ್ಟದ ರೋಪ್‌ವೇಯಲ್ಲಿ ಕೆಲಸ. ಮೇಲೆ ಹೋಗುವವರ ಸೈಕಲ್ಲುಗಳನ್ನು ಕೊಕ್ಕೆಗೆ ನೇತುಹಾಕುವುದು. ಎಲ್ಲರೂ ಮೇಲೆ ಹೋಗುತ್ತಾರೆ, ನಾನು ಕೆಳಗೆ ಇರುತ್ತೇನೆ.

ಚಿಕ್ಕಮ್ಮ ಕಿಟಕಿಯ ಹತ್ತಿರ ಪರದೆ ಹೊಲಿಯುತ್ತಿದ್ದಳು. ನನ್ನನ್ನು ನೋಡಿ ಎದ್ದೇಬಿಟ್ಟಳು. "ಎಷ್ಟ್ ಸಣ್ಣಗಾಗಿದೀಯೇ, ಕೂತ್ಕೋ" ಎಂದಳು. "ನಿಂತೇ ಹೇಳ್ತೀನಿ ಚಿಕ್ಕಮ್ಮ, ನೀನು ಕೂತ್ಕೋ" ಎಂದೆ. ನನ್ನ ದನಿಯಲ್ಲಿ ಏನು ಕೇಳಿತೋ, ಹೋಗಿ ಯಂತ್ರದ ಮುಂದೆ ಕೂತು ಮತ್ತೆ ಹೊಲಿಯತೊಡಗಿದಳು. ನಾನು ಹೇಳಿದೆ. ಚಕ್ರ ಕಂಡದ್ದು, ಬ್ರೇಕ್ ಬಿಟ್ಟದ್ದು, ಕೆಳಗೆ ಬಾಯಿ ಮುಚ್ಚಿಕೊಂಡದ್ದು, ಎಲ್ಲ. ಉದ್ದದ ಪರದೆ ಅದು. ಅಂಚು ಮುಗಿಯುವವರೆಗೂ ಯಂತ್ರ ನಿಲ್ಲಲಿಲ್ಲ. ಆಮೇಲೆ ದಾರ ಕತ್ತರಿಸಿದಳು.

"ಎಷ್ಟ್ ದೂರ ಇದ್ಲು?"

"ಇಲ್ಲಿಂದ ಗೇಟಿನಷ್ಟು."

"ಕೂಗಿದ್ಳಾ?"

ಇಲ್ಲ ಎಂದಿದ್ದರೆ ಅದು ನಿಜವಾಗುತ್ತಿತ್ತು. ಆದರೆ ಆ ನಿಜ ನನ್ನದಲ್ಲ, ನಿನ್ನದು. ಬಚ್ಚಿಡು ಎಂದು ನನ್ನ ಕೈಗೆ ಕೊಟ್ಟದ್ದು.

"ಕೂಗಿದ್ಳು ಚಿಕ್ಕಮ್ಮ" ಎಂದೆ. "ನಂಗೆ ಕೇಳಿಸ್ತು."

ಅವಳು ಪರದೆಯನ್ನು ಮಡಿಚಿದಳು. ನಾಲ್ಕಾಗಿ, ಎಂಟಾಗಿ, ಇನ್ನು ಮಡಿಚಲಾಗದಷ್ಟು.  ಬೈದಿದ್ದರೆ ಚೆನ್ನಾಗಿತ್ತು.

"ವಾಪಸ್ ಬಸ್ ಎಷ್ಟೊತ್ತಿಗೆ?" ಎಂದಳು.

ಬಸ್ಸು ಸಂಜೆ ಐದಕ್ಕಿತ್ತು. ಆಗ ಹನ್ನೆರಡೂವರೆ. ಈಗಲೇ ಇದೆ ಎಂದು ಹೇಳಿ ಚಪ್ಪಲಿ ಹಾಕಿಕೊಂಡೆ. ಗೇಟಿನವರೆಗೆ ಬಂದಳು. ಗೇಟು ಹಾಕಿಕೊಳ್ಳಲು ಬಂದದ್ದು.

ನಿನ್ನ ಮಾತಿಗೆ ಮೀರಿ ಏನೂ ಹೇಳಿಲ್ಲ. ಕೂಗಿದಳು ಎಂದದ್ದು ಮಾತ್ರ ನಾನಾಗಿ ಸೇರಿಸಿದ್ದು. ಇದು ನನ್ನ ಕೊನೆಯ ಸುಳ್ಳಾಗಲಿ.

ಅಕ್ಕ


ಆಗಸ್ಟ್ 11

ಅಕ್ಕಾ,

ನಾನು ಮನೆಗೆ ಬಂದಾಗ ಅಮ್ಮ ನನ್ನ ಬಟ್ಟೆಯ ಚೀಲ ಇಸಿದುಕೊಂಡು, ಅಲ್ಲೇ ಬಾಗಿಲಲ್ಲೇ ಕೇಳಿದಳು. "ಅಷ್ಟ್ ಕೂಗಿದ್ರೂ ಅವಳು ಹೋದ್ಳಂತಲ್ಲೇ?"

ಅವಳಿಗೆ ಏನು ಹೇಳಬೇಕೆಂದು ಬಸ್ಸಿನಲ್ಲಿ ಯೋಚಿಸಿಕೊಂಡಿದ್ದೆ. ನಿನ್ನ ಕಾಗದ ಜೇಬಿನಲ್ಲೇ ಇತ್ತು. ನೀನು ಮಾಡಿದ್ದಕ್ಕೆ ನಿನಗೆ ಸಿಗಬೇಕಾದ್ದು ಸಿಗಲಿ. ಮಾಡದ್ದಕ್ಕೆ ಯಾಕೆ? ಅದೂ ನನ್ನ ಹೆಸರಿನಲ್ಲಿ? ಹೂಂ ಅಂದುಬಿಟ್ಟರೆ ನಾನೂ ಆ ಕುರ್ಚಿಯಲ್ಲಿ ಕೂತ ಹಾಗಾಗುತ್ತದೆ.

"ಕೂಗ್ಲಿಲ್ಲಮ್ಮಾ" ಎಂದೆ. "ಕೂಗಬಹುದಿತ್ತು. ಗೆಲ್ಲಲಿ ಅಂತ ಸುಮ್ನಿದ್ದೆ."

ಅಮ್ಮ ಚೀಲ ಹಿಡಿದುಕೊಂಡೇ ನನ್ನನ್ನು ನೋಡಿದಳು.  "ಇಬ್ರಿಗೂ ಬುದ್ಧಿ ಇಲ್ಲ" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ನಾನು ಬಿದ್ದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ನಾನು ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದೆ. ಒಳಗೆ ಹೋಗಲಿಲ್ಲ, ಎದ್ದೂ ಹೋಗಲಿಲ್ಲ.

ಹತ್ತು ದಿನ ನಿನ್ನ ಹೆಸರು ಮನೆಯಲ್ಲಿ ಬರಲಿಲ್ಲ. ನಾನೂ ಎತ್ತಲಿಲ್ಲ. ಮನಸ್ಸಿನಲ್ಲಿ ನಿನ್ನ ಮೇಲೆ ಸಿಟ್ಟು ಇನ್ನೂ ಇದೆ. ಕೆಲವು ದಿನ ಬೆಳಿಗ್ಗೆ ಎದ್ದಾಗ ಕೈಗಿಂತ ಮೊದಲು ಅದೇ ನೆನಪಾಗುತ್ತದೆ. ಮನೆಗೆ ಬಾ ಎಂದು ಬರೆಯಲು ಇವತ್ತಿಗೂ ನನ್ನಿಂದಾಗುವುದಿಲ್ಲ. ಅಮ್ಮನೂ ಹೇಳಿಲ್ಲ.

ಆದರೆ ನಿನ್ನೆ ಮಧ್ಯಾಹ್ನ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ಅಮ್ಮ ತಟ್ಟೆಯ ಕಡೆಗೇ ನೋಡುತ್ತ, ಯಾರನ್ನೋ ಕೇಳುವವಳ ಹಾಗೆ, "ಅವಳು ಅಲ್ಲಿ ಊಟ ಎಲ್ಲಿ ಮಾಡ್ತಾಳೆ?" ಎಂದಳು.

ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಎಲ್ಲಿ ಊಟ ಮಾಡುತ್ತೀಯ? ಬರೆ. ಅಮ್ಮನಿಗೆ ಹೇಳಬೇಕು.

ಮಿಡತೆ